ಪಟ್ಟೆ, ಚುಕ್ಕಿ, ಚೌಕುಳಿ: ಪುಟ್ಟ ಮಕ್ಕಳ ಕೈಗೆ ಡಿಸೈನ್ ಕಾಗದ ಕೊಡುವ ಮುನ್ನ

ಫ್ಯಾನ್ಸಿ ಅಂಗಡಿಯಿಂದ ತಂದ ಡಿಸೈನ್ ಪೇಪರಿನ ಕಟ್ಟು ಬಿಚ್ಚಿ, ಇದ್ದಬದ್ದ ಹಾಳೆಯನ್ನೆಲ್ಲ ಮಕ್ಕಳ ಮುಂದೆ ಹರಡಿದರೆ ಐದು ನಿಮಿಷ ಎಳೆದಾಟ ನಡೆಯುತ್ತದೆ, ಆಮೇಲೆ ನೆಲದ ತುಂಬ ಕಾಗದ. ಮೂರು ವರ್ಷದ ಮಗುವಿನ ಕಣ್ಣಿಗೆ ಇಪ್ಪತ್ತು ಬಗೆಯ ಚಿತ್ತಾರ ಒಟ್ಟಿಗೆ ಬಿದ್ದರೆ ಒಂದೂ ನಿಲ್ಲುವುದಿಲ್ಲ. ಮೂರು ಹಾಳೆ ಸಾಕು: ಒಂದು ಪಟ್ಟೆ, ಒಂದು ಚುಕ್ಕಿ, ಒಂದು ಚೌಕುಳಿ. ಉಳಿದದ್ದನ್ನು ಡಬ್ಬಿಯಲ್ಲೇ ಮುಚ್ಚಿಡಿ. ಹದಿನೈದು ದಿನಕ್ಕೊಮ್ಮೆ ಒಂದನ್ನು ಬದಲಿಸಿದರೆ ಒಂದು ಕಟ್ಟು ವರ್ಷಪೂರ್ತಿ ಬರುತ್ತದೆ.

ಚಿತ್ತಾರದ ಕಾಗದ ಮಗುವಿಗೆ ಹೋಲಿಸಿ ನೋಡಲು ಏನನ್ನಾದರೂ ಕೊಡಬೇಕು. ಹೋಲಿಕೆಗೆ ಎಡೆಯಿಲ್ಲದ ಕಡೆ ದುಬಾರಿ ಹಾಳೆಯೂ ಒಂದೇ, ಹಳೇ ಪೇಪರೂ ಒಂದೇ. ಟೀಚರೇ ಚಿಟ್ಟೆಯ ಆಕಾರ ಕತ್ತರಿಸಿ, ಟೀಚರೇ ಅಂಟು ಹಚ್ಚಿ, ಮಗು ಬೆರಳಿನಿಂದ ಒತ್ತಿ ಬಿಡುವ ಕೆಲಸ ಗೋಡೆಗೆ ಚೆಂದ ಕಾಣುತ್ತದೆ, ಅಷ್ಟೆ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಕ್ಕಳಿಂದ ನಿರೀಕ್ಷಿಸುವುದರಲ್ಲಿ ಸುತ್ತಲಿನ ವಿನ್ಯಾಸಗಳನ್ನು ಗುರುತಿಸಿ ಮುಂದುವರಿಸುವುದೂ ಒಂದು. ಅದಕ್ಕೆ ಇಷ್ಟು ಅಗ್ಗದ ಸಾಮಾನು ಇನ್ನೊಂದಿಲ್ಲ. ಇಲ್ಲಿ ಹೇಳುವುದೆಲ್ಲ ಅಂಗನವಾಡಿಯ ಮತ್ತು ಮನೆಯ ಮೂರರಿಂದ ಆರು ವರ್ಷದ ಮಕ್ಕಳಿಗೆ ಹೊಂದುವಂಥದ್ದು.

ಯಾವ ಕಾಗದ, ಎಷ್ಟು ದಪ್ಪ

ಕಟ್ಟಿನ ಮೇಲೆ ಜಿಎಸ್‌ಎಂ ಎಂದು ಒಂದು ಅಂಕಿ ಇರುತ್ತದೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ ಅದು. ಝೆರಾಕ್ಸ್ ಹಾಳೆ 70ರಿಂದ 80. ಮಡಿಸುವುದಕ್ಕೂ ಹರಿಯುವುದಕ್ಕೂ 60ರಿಂದ 80ರ ಕಾಗದವೇ ಸರಿ. ಮೊದಲ ಸಲ ಕತ್ತರಿ ಹಿಡಿಯುವ ಮಗುವಿಗೆ 120ರಿಂದ 160ರ ಹಾಳೆ ಬೇಕು, ಏಕೆಂದರೆ ತೆಳು ಕಾಗದ ಕತ್ತರಿಯ ಎರಡು ಅಲಗಿನ ನಡುವೆ ಮಡಿಚಿಕೊಂಡು ಸಿಕ್ಕಿಬೀಳುತ್ತದೆ. ಮಗು ತನ್ನ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತದೆ. 200ಕ್ಕಿಂತ ದಪ್ಪದ್ದು ಕಾರ್ಡು ಮಾಡಲು ಒಳ್ಳೆಯದು. ಅದನ್ನು ಮಡಿಸಿದರೆ ಮಡಿಕೆಯ ಮೇಲೆ ಬಣ್ಣ ಒಡೆದು ಬಿಳಿ ಗೆರೆ ಬೀಳುತ್ತದೆ.

ಕೊಳ್ಳಲೇಬೇಕೆಂದೂ ಇಲ್ಲ. ಮದುವೆ ಕರೆಯೋಲೆ, ಹಳೇ ಕ್ಯಾಲೆಂಡರ್, ಉಡುಗೊರೆ ಸುತ್ತಿ ಬಂದ ಹಾಳೆ, ಸೀರೆ ಡಬ್ಬಿಯ ಮುಚ್ಚಳ ಎಲ್ಲವೂ ಬರುತ್ತದೆ. ಕಾಫಿಪುಡಿ ಪೊಟ್ಟಣ, ಬಿಸ್ಕತ್ ಪೊಟ್ಟಣದಂಥ ಪ್ಲಾಸ್ಟಿಕ್ ಪದರದವನ್ನು ಮಾತ್ರ ಬಿಡಿ, ಅಂಟು ಹಿಡಿಯುವುದಿಲ್ಲ. ಮಿಂಚುಪುಡಿ ಉದುರುವ ಗ್ಲಿಟರ್ ಪೇಪರೂ ಬೇಡ. ಕೈಗೆ ಅಂಟಿದ್ದು ಕಣ್ಣಿಗೆ ಹೋಗುತ್ತದೆ, ಊಟದ ತಟ್ಟೆಗೂ ಹೋಗುತ್ತದೆ. ಕರೆಯೋಲೆಯಲ್ಲಿ ಸ್ಟೇಪಲ್ ಪಿನ್ ಇದ್ದರೆ ತೆಗೆದು, ಎಣಿಸಿ, ಹೊರಗೆ ಹಾಕಿ.

ಚಿತ್ತಾರದ ಗಾತ್ರವನ್ನೂ ನೋಡಿ. ಹಾಳೆಯಿಂದ ನೀವು ಕತ್ತರಿಸಲಿರುವ ತುಂಡಿನೊಳಗೆ ಅದೇ ಚಿತ್ರ ಕನಿಷ್ಠ ಮೂರು ಸಲ ಬರಬೇಕು. ಅಂಗೈ ಅಗಲದ ಗುಲಾಬಿ ಇರುವ ಹಾಳೆಯನ್ನು 7 ಸೆಂ.ಮೀ. ಚೌಕಕ್ಕೆ ಕತ್ತರಿಸಿದರೆ ಒಂದು ಚೌಕದಲ್ಲಿ ಎಸಳು, ಇನ್ನೊಂದರಲ್ಲಿ ಬರೀ ಎಲೆ, ಮತ್ತೊಂದರಲ್ಲಿ ಏನೂ ಇಲ್ಲ. ಮಗು ಅವನ್ನು ಬೇರೆ ಬೇರೆ ಅಂದರೆ ಅದು ಹೇಳಿದ್ದೇ ಸರಿ.

ಕಾಗದಕ್ಕೂ ಎಳೆ ಉಂಟು

ಬಟ್ಟೆಗೆ ಇರುವ ಹಾಗೆ ಕಾಗದಕ್ಕೂ ನಾರಿನ ದಿಕ್ಕು ಇದೆ. ದಿನಪತ್ರಿಕೆಯನ್ನು ಮೇಲಿಂದ ಕೆಳಕ್ಕೆ ಹರಿದು ನೋಡಿ, ನೆಟ್ಟಗೆ ಬರುತ್ತದೆ. ಅಡ್ಡಕ್ಕೆ ಹರಿದರೆ ಎಲ್ಲೆಲ್ಲೋ ಹೋಗುತ್ತದೆ. ಡಿಸೈನ್ ಹಾಳೆಯದ್ದೂ ಇದೇ ಕಥೆ. ಪ್ರತಿ ಕಟ್ಟಿನಿಂದ ಒಂದು ಮೂಲೆ ಎರಡೂ ಕಡೆ ಹರಿದು ನೋಡಿ, ನೆಟ್ಟಗೆ ಹರಿದ ದಿಕ್ಕಿಗೆ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಬಾಣ ಹಾಕಿಡಿ. ಎರಡು ನಿಮಿಷದ ಈ ಕೆಲಸದಿಂದ ಮುಂದಿನ ಅರ್ಧ ತೊಂದರೆ ತಪ್ಪುತ್ತದೆ. ಹೆಣೆಯುವ ಪಟ್ಟಿಯ ಉದ್ದ ಈ ಬಾಣದ ದಿಕ್ಕಿಗೇ ಇರಬೇಕು. ಮೂರು ವರ್ಷದವರಿಗೆ ಮೊದಲು ಹರಿಯಲು ಕೊಡುವಾಗಲೂ ಅಷ್ಟೆ, ಬಾಣದ ಗುಂಟ ಹರಿಯುವಂತೆ ತುಂಡನ್ನು ಕೈಗಿಡಿ.

ಕಕ್ಕಡದ (ಕೊಡಗಿನ ಜುಲೈ–ಆಗಸ್ಟ್ ತಿಂಗಳು) ಮಳೆಯಲ್ಲಿ ಕಾಗದ

ಬಯಲುಸೀಮೆಗೆ ಬರೆದ ಕೈಪಿಡಿಗಳು ಕೊಡಗಿನಲ್ಲಿ ಜೂನ್ ಬರುತ್ತಿದ್ದಂತೆ ಕೈಕೊಡುತ್ತವೆ. ಕಾಗದ ಗಾಳಿಯ ತೇವ ಹೀರಿ ಉಬ್ಬುತ್ತದೆ. ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುವುದರಿಂದ ಒಂದೇ ಮುಖಕ್ಕೆ ಅಂಟು ಹಚ್ಚಿದ ಹಾಳೆ ಸುರುಳಿ ಸುತ್ತುತ್ತದೆ. ಮಡಿಕೇರಿ, ಭಾಗಮಂಡಲದ ಕಡೆ ಜುಲೈನಲ್ಲಿ ಬೆಳಿಗ್ಗೆ ಅಂಟಿಸಿದ್ದು ಸಂಜೆಗೂ ಹಸಿಯಾಗೇ ಇದ್ದರೆ ಅಂಟಿನ ತಪ್ಪೇನಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಇಷ್ಟು ಕಷ್ಟವಿಲ್ಲ.

ಹಾಳೆಗಳನ್ನು ನಿಲ್ಲಿಸಿ ಇಡಬೇಡಿ, ಬಾಗುತ್ತವೆ. ಮುಚ್ಚಳ ಗಟ್ಟಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಲಗಿಸಿ, ಮೇಲೊಂದು ರಟ್ಟು ಇಟ್ಟು ಭಾರ ಹೇರಿ. ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ನಾಲ್ಕು ಹಾಕಬಹುದು, ಆದರೆ ಡಬ್ಬಿಯ ತಳಕ್ಕೆ ಟೇಪಿನಿಂದ ಅಂಟಿಸಿ. ಸಕ್ಕರೆಯಂತೆ ಕಾಣುವ ಅದು ಮಗುವಿನ ಕೈಗೆ ಸಿಗಬಾರದು. ಡಬ್ಬಿಯನ್ನು ನೆಲದ ಮೇಲೆ, ಹೊರಗೋಡೆಗೆ ತಾಗಿಸಿ ಇಟ್ಟರೆ ಗೆದ್ದಲು ಬಂತೆಂದೇ ತಿಳಿಯಿರಿ. ಮನೆಯಲ್ಲಾದರೆ ಅಡುಗೆಮನೆಯ ಅಟ್ಟ ಎಲ್ಲಕ್ಕಿಂತ ಒಣ ಜಾಗ. ಕೆಲಸದ ದಿನ ಬೇಕಾದಷ್ಟೇ ಹಾಳೆ ಹೊರಗೆ ತೆಗೆದು ಕೂಡಲೇ ಮುಚ್ಚಿ.

ಮಳೆಗಾಲದಲ್ಲಿ ಮಡಿಸುವುದು, ಹೆಣೆಯುವುದು, ಜೋಡಿಸುವುದು. ಬಿಸಿಲು ಬಂದ ಮೇಲೆ ಅಂಟಿಸುವುದು, ಅಚ್ಚು ಒತ್ತುವುದು. ಹೀಗೆ ಹಂಚಿಕೊಂಡರೆ ಕೆಲಸ ನಿಲ್ಲುವುದಿಲ್ಲ. ಅಂಟಿಸಲೇಬೇಕಾದರೆ ಗ್ಲೂ ಸ್ಟಿಕ್ ಬಳಸಿ, ಎರಡು ಹಳೇ ಪೇಪರ್ ನಡುವೆ ಇಟ್ಟು ಮೇಲೆ ಭಾರ ಹೇರಿ, ಮಾರನೆಯ ದಿನ ಆ ಪೇಪರ್ ಬದಲಿಸಿ. ರಟ್ಟಿಗೆ ಹಾಳೆ ಅಂಟಿಸುವಾಗ ಎರಡರ ಎಳೆಯೂ ಒಂದೇ ದಿಕ್ಕಿಗಿರಲಿ.

ಅಂಟು, ಮತ್ತು ಅದಕ್ಕೆ ಹಾಕಬಾರದ್ದು

ಅರ್ಧ ಕಪ್ ಮೈದಾ, ಮುಕ್ಕಾಲು ಕಪ್ ತಣ್ಣೀರು. ಮೊದಲು ಇವೆರಡನ್ನು ಗಂಟಿಲ್ಲದೆ ಕದಡಿ. ಬೇರೆ ಪಾತ್ರೆಯಲ್ಲಿ ಒಂದೂವರೆ ಕಪ್ ನೀರು ಕುದಿಸಿ, ಕದಡಿದ್ದನ್ನು ಅದಕ್ಕೆ ಸುರಿಯುತ್ತ ತಿರುವಿ. ಸಣ್ಣ ಉರಿಯಲ್ಲಿ ಮೂರು–ನಾಲ್ಕು ನಿಮಿಷ. ಬಿಳುಪು ಹೋಗಿ ಗಂಜಿಯ ಹಾಗೆ ಹೊಳೆದರೆ ಆಯಿತು. ಒಣ ಮೈದಾವನ್ನು ನೇರ ಕುದಿನೀರಿಗೆ ಹಾಕಿದರೆ ಹೊರಗಿನದು ತಕ್ಷಣ ಬೆಂದು ಅಂಟಾಗಿ ಒಳಗಿನ ಹಿಟ್ಟನ್ನು ಮುಚ್ಚಿಬಿಡುತ್ತದೆ. ಆ ಗಂಟು ಎಷ್ಟು ತಿರುವಿದರೂ ಕರಗುವುದಿಲ್ಲ. ಮಳೆಗಾಲದಲ್ಲಿ ಕುದಿಸುವ ನೀರು ಒಂದು ಕಪ್ಪಿಗೆ ಇಳಿಸಿ. ಗಟ್ಟಿ ಅಂಟಿನಿಂದ ಕಾಗದಕ್ಕೆ ಹೋಗುವ ನೀರು ಕಡಿಮೆ. ಇಪ್ಪತ್ತು ಮಕ್ಕಳ ಒಂದು ದಿನದ ಕೆಲಸಕ್ಕೆ ಇಷ್ಟು ಧಾರಾಳ. ಎರಡು ದಿನಕ್ಕಿಂತ ಇಡಬೇಡಿ, ಹುಳಿವಾಸನೆ ಬಂದರೆ ಚೆಲ್ಲಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಪೋಸ್ಟರ್ ಅಂಟಿಸುವವರು, ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಹುಳ ಹಿಡಿಯದಿರಲೆಂದು ಮೈಲುತುತ್ತ (ತಾಮ್ರದ ಸಲ್ಫೇಟ್) ಹಾಕುವ ರೂಢಿ ಇದೆ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡಲು ಕೊಡಗಿನ ಕಾಫಿ ತೋಟದ ಮನೆಗಳಲ್ಲಿ ಅದು ಕೈಗೆಟುಕುವ ಹಾಗೇ ಇರುತ್ತದೆ. ಮಕ್ಕಳ ಅಂಟಿಗೆ ಅದನ್ನು ಒಂದು ಚಿಟಿಕೆಯೂ ಹಾಕಬೇಡಿ. ಅದು ವಿಷ, ಮತ್ತು ಈ ವಯಸ್ಸಿನ ಮಕ್ಕಳ ಬೆರಳು ಬಾಯಿಗೆ ಹೋಗಿಯೇ ಹೋಗುತ್ತದೆ. ಎರಡೇ ದಿನ ಬಳಸುವ ಅಂಟಿಗೆ ಕಾಪು ಬೇಕಾಗಿಯೂ ಇಲ್ಲ.

ಒಂದು ಮಗುವಿಗೆ ಒಂದು ಬಾಟಲಿ ಮುಚ್ಚಳದಷ್ಟು ಅಂಟು ಸಾಕು. ತಟ್ಟೆ ತುಂಬ ಕೊಟ್ಟರೆ ಮಗು ಅಂಟಿನೊಂದಿಗೆ ಆಡುತ್ತದೆ, ಕಾಗದವನ್ನು ಮರೆಯುತ್ತದೆ. ಅದೂ ಒಳ್ಳೆಯ ಆಟವೇ, ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಜೋಡಿ ಹುಡುಕುವುದು

ಶುರು ಮಾಡಲು ಇದಕ್ಕಿಂತ ಸುಲಭದ್ದಿಲ್ಲ, ಕತ್ತರಿ ಕೆಲಸವೆಲ್ಲ ದೊಡ್ಡವರದು. ಎ4 ಹಾಳೆಯ ಅಳತೆ 21×29.7 ಸೆಂ.ಮೀ. ಚೌಕ 7 ಸೆಂ.ಮೀ. ಇಟ್ಟುಕೊಂಡರೆ ಅಗಲಕ್ಕೆ ಮೂರು, ಉದ್ದಕ್ಕೆ ನಾಲ್ಕು, ಒಟ್ಟು ಹನ್ನೆರಡು ಚೌಕ ಬಂದು 1.7 ಸೆಂ.ಮೀ. ಅಂಚು ಮಾತ್ರ ಉಳಿಯುತ್ತದೆ. 8 ಸೆಂ.ಮೀ. ಮಾಡಿದರೆ ಬರುವುದು ಆರೇ, ಮೂರನೇ ಒಂದಕ್ಕಿಂತ ಹೆಚ್ಚು ಹಾಳೆ ದಂಡ. ಹನ್ನೆರಡು ಇಂಚಿನ ಚೌಕ ಹಾಳೆಯಲ್ಲಿ ಹದಿನಾರು ಸಿಗುತ್ತವೆ. ಬಿಸ್ಕತ್ತು, ಸಾಬೂನಿನ ರಟ್ಟು ಡಬ್ಬಿಗಳಿಗೆ ಅಂಟಿಸಿ, ಒಣಗಿದ ಮೇಲೆ ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಬೇಗ ನಾರುನಾರಾಗಿ ಬಿಚ್ಚುತ್ತದೆ. ಕಾರ್ಡಿನ ಹಿಂಬದಿಗಳೆಲ್ಲ ಒಂದೇ ಬಣ್ಣ ಇರಲಿ, ಇಲ್ಲವಾದರೆ ಮಕ್ಕಳು ಮುಂದಿನ ಚಿತ್ತಾರ ನೋಡದೆ ಹಿಂದಿನ ಸಾಬೂನಿನ ಹೆಸರು ನೋಡಿ ಜೋಡಿ ಹುಡುಕುತ್ತಾರೆ. ಜಾಣರು!

ಆಟ ಮೂರು ಮೆಟ್ಟಿಲಲ್ಲಿ ಏರುತ್ತದೆ. ಮೊದಲ ಮೆಟ್ಟಿಲಿನಲ್ಲಿ ಬಣ್ಣವೂ ಚಿತ್ತಾರವೂ ಬೇರೆ ಬೇರೆ: ಕೆಂಪು ಪಟ್ಟೆ, ನೀಲಿ ಚುಕ್ಕಿ, ಹಸಿರು ಚೌಕುಳಿ. ಮೂರು ಜೋಡಿ, ಆರು ಕಾರ್ಡು. ಎರಡನೆಯದರಲ್ಲಿ ಬಣ್ಣ ಒಂದೇ, ಚಿತ್ತಾರ ಬೇರೆ: ಕೆಂಪು ಪಟ್ಟೆ, ಕೆಂಪು ಚುಕ್ಕಿ, ಕೆಂಪು ಚೌಕುಳಿ. ಇಲ್ಲಿ ನಾಲ್ಕು ವರ್ಷದ ಮಗು ಮೊದಲ ಸಲ ತಡವರಿಸುತ್ತದೆ, ಏಕೆಂದರೆ ಅದುವರೆಗೆ ಅದು ಬಣ್ಣ ಒಂದನ್ನೇ ನೋಡಿ ಗೆಲ್ಲುತ್ತಿತ್ತು. ಮೂರನೆಯದು ದೊಡ್ಡ ಚುಕ್ಕಿ, ಸಣ್ಣ ಚುಕ್ಕಿ, ಒತ್ತೊತ್ತು ಚುಕ್ಕಿ. ಇದು ಐದು ದಾಟಿದವರಿಗೆ. ಮೆಟ್ಟಿಲು ಹಾರಿಸಿ ನೇರ ಮೂರನೆಯದಕ್ಕೆ ಹೋದರೆ ಮಕ್ಕಳು ಕಾರ್ಡನ್ನು ಎಸೆದು ಎದ್ದು ಹೋಗುತ್ತಾರೆ.

ತಪ್ಪು ಜೋಡಿ ಇಟ್ಟಾಗ ‘ಅಲ್ಲ’ ಅನ್ನುವ ಬದಲು ಎರಡೂ ಕಾರ್ಡನ್ನು ಅಂಚಿಗೆ ಅಂಚು ಸೇರಿಸಿ ಪಕ್ಕಪಕ್ಕ ಇಡಿ. ಪಟ್ಟೆ ಮುಂದುವರಿಯದೆ ಮುರಿದದ್ದು ಮಗುವಿಗೇ ಕಾಣುತ್ತದೆ.

ಹರಿಯುವುದು: ಮಂಜು ಕವಿದ ಬೆಟ್ಟ

ಹರಿಯುವುದನ್ನು ನಾವು ತುಂಟತನವೆಂದು ಬೈಯುತ್ತೇವೆ, ಆದರೆ ಕತ್ತರಿಗೂ ಪೆನ್ಸಿಲಿಗೂ ಮುಂಚೆ ಬರಬೇಕಾದ ಕೈಕೆಲಸ ಇದೇ. ಹೆಬ್ಬೆರಳು, ತೋರುಬೆರಳು ಎರಡರ ಹಿಡಿತವೂ ಇದರಲ್ಲಿ ಗಟ್ಟಿಯಾಗುತ್ತದೆ. ಹೆಬ್ಬೆರಳುಗಳ ಉಗುರು ಒಂದಕ್ಕೊಂದು ತಾಗುವಷ್ಟು ಹತ್ತಿರ ಹಿಡಿಯಲು ಹೇಳಿ. ಕೈಗಳು ದೂರ ಇದ್ದರೆ ಮಗು ಎಷ್ಟೇ ಎಳೆದರೂ ಕಾಗದ ಸುಕ್ಕಾಗುತ್ತದೆಯೇ ಹೊರತು ಹರಿಯುವುದಿಲ್ಲ. ಅಂಚಿನಲ್ಲಿ ನೀವೇ ಅರ್ಧ ಸೆಂ.ಮೀ. ಕತ್ತರಿಸಿ ಕೊಟ್ಟರೆ ಮೂರು ವರ್ಷದವರೂ ಹರಿಯುತ್ತಾರೆ.

ಒಂದೇ ಮುಖಕ್ಕೆ ಅಚ್ಚಾದ ಹಾಳೆಯನ್ನು ಚಿತ್ತಾರ ಮೇಲಾಗಿ ಹಿಡಿದು ಹರಿಯಿರಿ. ಎಡಗೈ ಅಲುಗದಿರಲಿ, ಬಲಗೈ ನಿಮ್ಮತ್ತ ಎಳೆಯಲಿ. ಈಗ ಎರಡು ತುಂಡನ್ನೂ ನೋಡಿ. ಎಡಗೈಯಲ್ಲಿ ಉಳಿದದ್ದರ ಅಂಚಿಗೆ ಎರಡು–ಮೂರು ಮಿಲಿಮೀಟರ್ ಬಿಳಿ ಕಾಣುತ್ತದೆ, ಬಲಗೈಯದ್ದಕ್ಕೆ ಇಲ್ಲ. ಮೇಲೆದ್ದ ತುಂಡು ಪಕ್ಕದ್ದರ ಬಣ್ಣದ ಪದರವನ್ನು ಸುಲಿದುಕೊಂಡು ಬಂದಿರುತ್ತದೆ. ಆ ಬಿಳಿ ಗೆರೆಯೇ ಬೆಟ್ಟದ ಮೇಲಿನ ಮಂಜು.

ನೀಲಿ ಅಥವಾ ಬೂದು ಬಣ್ಣದ ಅರ್ಧ ಎ4 ಹಾಳೆ ತಳಕ್ಕೆ. ಹಸಿರು, ನೀಲಿ ಛಾಯೆಯ ಮೂರು ಚಿತ್ತಾರಗಳಿಂದ ಬೆಟ್ಟದ ಸಾಲು ಹರಿಯಬೇಕು. ಹಿಂದಿನ ಬೆಟ್ಟಕ್ಕೆ ಸಣ್ಣ ಚಿತ್ತಾರ, ಮುಂದಿನದಕ್ಕೆ ದೊಡ್ಡದು. ಹಾಗೆ ಇಟ್ಟಾಗ ದೂರ–ಹತ್ತಿರ ಎಂಬ ಮಾತು ತಾನಾಗಿ ಬರುತ್ತದೆ. ಅಂಟಿಸುವಾಗ ಎಲ್ಲಕ್ಕಿಂತ ಹಿಂದಿನ ಬೆಟ್ಟ ಮೊದಲು. ಮಕ್ಕಳು ಸಾಮಾನ್ಯವಾಗಿ ತಮಗೆ ಇಷ್ಟವಾದದ್ದನ್ನು ಮೊದಲು ಅಂಟಿಸಿ ಮುಂದಿನದರಿಂದ ಅದನ್ನೇ ಮುಚ್ಚಿಬಿಡುತ್ತಾರೆ, ಆಮೇಲೆ ಅಳು. ಅದಕ್ಕೇ ಅಂಟು ಮುಟ್ಟುವ ಮೊದಲು ಮೂರನ್ನೂ ಸುಮ್ಮನೆ ಇಟ್ಟು ನೋಡಲು ಹೇಳಿ, ಎತ್ತಿ ಬದಲಿಸಲು ಬಿಡಿ. ಈ ಇಟ್ಟು ನೋಡುವ ಐದು ನಿಮಿಷದಲ್ಲೇ ಮಗು ಹೆಚ್ಚು ಯೋಚಿಸುತ್ತದೆ. ಮುಂದಿನ ಬೆಟ್ಟದ ಮೇಲೆ ಕೆಂಪು ಕಾಗದದ ಚೂರನ್ನು ಉಂಡೆ ಸುತ್ತಿ ಕಾಫಿ ಹಣ್ಣು ಮಾಡಬಹುದು. ಮೂರು ವರ್ಷಕ್ಕಿಂತ ಚಿಕ್ಕ ತಮ್ಮ, ತಂಗಿ ಹತ್ತಿರದಲ್ಲಿದ್ದರೆ ಉಂಡೆ ಬೇಡ; 3 ಸೆಂ.ಮೀ.ಗಿಂತ ಸಣ್ಣದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಕತ್ತರಿ

ತುದಿ ಮೊಂಡಾದ, ಆದರೆ ಅಲಗು ಹರಿತವಾದ 12–13 ಸೆಂ.ಮೀ. ಕತ್ತರಿ ಕೊಡಿ. ಅಲಗೇ ಮೊಂಡಾದ ಪ್ಲಾಸ್ಟಿಕ್ ಕತ್ತರಿಯಲ್ಲಿ ಕಾಗದ ಹರಿಯುತ್ತದೆ, ಮಗು ಒತ್ತಡ ಹಾಕುತ್ತದೆ, ಜಾರುತ್ತದೆ. ಹೆಬ್ಬೆರಳು ಮೇಲ್ಮುಖವಾಗಿರಲಿ, ಮೊಣಕೈ ಪಕ್ಕೆಗೆ ತಾಗಿರಲಿ. ಮೊದಲ ವಾರ 2 ಸೆಂ.ಮೀ. ಅಗಲದ ಪಟ್ಟೆ ಕಾಗದದ ಪಟ್ಟಿಯನ್ನು, ಪಟ್ಟೆಗಳು ಅಡ್ಡಕ್ಕೆ ಬರುವಂತೆ ಕತ್ತರಿಸಿ ಕೊಡಿ. ಒಂದೊಂದು ಪಟ್ಟೆಯ ಗೆರೆಯ ಮೇಲೆ ಒಂದೊಂದು ಸಲ ಕಚಕ್ ಅಂದರೆ ಚೂರು ಬೀಳುತ್ತದೆ. ಗೆರೆ ಎಳೆದು ಕೊಡುವ ಕೆಲಸ ಕಾಗದವೇ ಮಾಡಿರುತ್ತದೆ! ಆಮೇಲೆ ಪಟ್ಟೆಯ ಗುಂಟ ಉದ್ದಕ್ಕೆ. ಆಮೇಲೆ ಅಲೆ ಚಿತ್ತಾರದ ಗುಂಟ. ವೃತ್ತ ಕತ್ತರಿಸಲು ಹೆಚ್ಚಿನವರಿಗೆ ನಾಲ್ಕೂವರೆ–ಐದು ವರ್ಷವಾಗಬೇಕು. ಅಲ್ಲಿ ತಿರುಗಬೇಕಾದ್ದು ಕತ್ತರಿಯಲ್ಲ, ಕಾಗದ ಹಿಡಿದ ಕೈ.

ಎಡಗೈ ಮಗುವಿಗೆ ಮಾಮೂಲಿ ಕತ್ತರಿಯಲ್ಲಿ ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ. ಅದರ ಕೈ ಬದಲಿಸಲು ಹೋಗಬೇಡಿ, ಎಡಗೈ ಕತ್ತರಿ ಒಂದು ತಂದಿಡಿ. ಕತ್ತರಿಯ ದಿನ ಒಬ್ಬ ದೊಡ್ಡವರಿಗೆ ನಾಲ್ಕೈದು ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ. ಉಳಿದವರು ಸಹಾಯಕಿಯ ಹತ್ತಿರ ಜೋಡಿ ಆಟ ಆಡಲಿ.

ಹೆಣಿಗೆ

ಕಾಗದ ಹೆಣೆಯುವುದು ಶಿಶುವಿಹಾರದಷ್ಟೇ ಹಳೆಯದು. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಪುಟ್ಟ ಮಕ್ಕಳ ಕಲಿಕೆಯ ಕೆಲಸ ಶುರು ಮಾಡಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಅವರು ಮಕ್ಕಳಿಗೆ ಕೊಡುತ್ತಿದ್ದ ಕೈಕೆಲಸಗಳಲ್ಲಿ ಕಾಗದದ ಹೆಣಿಗೆಯೂ ಇತ್ತು. ನಮ್ಮ ಮಕ್ಕಳಿಗೆ ಚಾಪೆ, ಬುಟ್ಟಿ, ಮೊರ ಕಣ್ಣೆದುರಿಗೇ ಇರುವುದರಿಂದ ಬೇರೆ ವಿವರಣೆ ಬೇಕಿಲ್ಲ. ಒಂದು ಬುಟ್ಟಿ ತಂದು ಅದರ ಮೇಲೆ ಬೆರಳಾಡಿಸಲು ಬಿಡಿ.

ಇಪ್ಪತ್ತು ಮಕ್ಕಳಿಗೆ ಬೇಕಾದ್ದು: ಒಂದೇ ಬಣ್ಣದ ಚಾರ್ಟ್ ಹಾಳೆ ಎರಡು, ಪಟ್ಟೆ ಚಿತ್ತಾರದ ಎ4 ಆರು, ಚುಕ್ಕಿಯದ್ದು ನಾಲ್ಕು. 56×71 ಸೆಂ.ಮೀ. ಚಾರ್ಟಿನಲ್ಲಿ 17.5 ಸೆಂ.ಮೀ. ಚೌಕ ಹನ್ನೆರಡು ಬರುತ್ತವೆ. 18 ಸೆಂ.ಮೀ. ಮಾಡಿದರೆ ಒಂಬತ್ತೇ. ಎ4 ಹಾಳೆಯನ್ನು 2.5 ಸೆಂ.ಮೀ. ಅಗಲ, 21 ಸೆಂ.ಮೀ. ಉದ್ದದ ಪಟ್ಟಿಗಳಾಗಿ ಕತ್ತರಿಸಿದರೆ ಹನ್ನೊಂದು. ಒಂದು ಮಗುವಿಗೆ ಪಟ್ಟೆಯ ಪಟ್ಟಿ ಮೂರು, ಚುಕ್ಕಿಯದ್ದು ಎರಡು.

1. ಚೌಕವನ್ನು ನಡುವೆ ಮಡಿಸಿ. ಮಡಿಕೆಯ ಕಡೆಯಿಂದ ಎದುರಂಚಿನತ್ತ 2.5 ಸೆಂ.ಮೀ.ಗೊಂದರಂತೆ ಆರು ಸೀಳು ಹಾಕಿ, ಅಂಚಿಗೆ 2 ಸೆಂ.ಮೀ. ಇರುವಾಗ ನಿಲ್ಲಿಸಿ. ಬಿಡಿಸಿದರೆ ಏಳು ಎಳೆಯ ಮಗ್ಗ ಸಿದ್ಧ. ನಾಲ್ಕು ವರ್ಷದವರಿಗೆ 3.5 ಸೆಂ.ಮೀ. ಅಂತರದಲ್ಲಿ ನಾಲ್ಕೇ ಸೀಳು, ಐದು ಎಳೆ.

2. ಎಳೆಗಳ ಮೇಲೆ ಒಂದು ಬಿಟ್ಟು ಒಂದಕ್ಕೆ ಪೆನ್ಸಿಲ್ ಚುಕ್ಕಿ ಇಡಿ.

3. ಮೊದಲ ಪಟ್ಟಿ ಚುಕ್ಕಿ ಇಟ್ಟ ಎಳೆಗಳ ಕೆಳಗೆ ನುಸುಳಲಿ. ಎರಡನೆಯದು ಅವೇ ಎಳೆಗಳ ಮೇಲೆ ಹೋಗಲಿ. ‘ಕೆಳಗೆ, ಮೇಲೆ, ಕೆಳಗೆ’ ಎಂದು ಬಾಯಲ್ಲಿ ಹೇಳಿಕೊಂಡೇ ಹೋಗಲಿ.

4. ಪ್ರತಿ ಪಟ್ಟಿಯನ್ನೂ ಮೇಲಕ್ಕೆ ತಳ್ಳಿ ಬಿಗಿ ಮಾಡಿ. 13.5 ಸೆಂ.ಮೀ. ಸೀಳಿನಲ್ಲಿ ಐದು ಪಟ್ಟಿ 12.5 ಸೆಂ.ಮೀ. ತೆಗೆದುಕೊಂಡು ಒಂದು ಸೆಂ.ಮೀ. ಸಡಿಲ ಉಳಿಯಬೇಕು. ಹೊರಚಾಚಿದ ತುದಿಗಳನ್ನು ಹಿಂದಕ್ಕೆ ಮಡಿಸಿ ಅಂಟಿಸಿ.

ತಪ್ಪುವುದು ಮೂರನೆಯ ಹೆಜ್ಜೆಯಲ್ಲಿ. ಮಗು ಎರಡನೇ ಪಟ್ಟಿಯನ್ನೂ ಮೊದಲಿನ ಹಾಗೆಯೇ ಕೆಳಗಿನಿಂದ ಶುರು ಮಾಡುತ್ತದೆ. ಆಗ ಎರಡೂ ಪಟ್ಟಿ ಒಂದೇ ದಾರಿಯಲ್ಲಿ ಹೋಗಿ, ತಳ್ಳಿದಾಗ ಒಂದರಡಿಗೊಂದು ಜಾರುತ್ತವೆ. ಬಿಚ್ಚಿಸಬೇಡಿ. ಮೂರನೆಯದನ್ನೂ ಹಾಕಲು ಬಿಟ್ಟು, ಕೊನೆಗೆ ಎತ್ತಿ ತೋರಿಸಿ, ಬುಟ್ಟಿಯ ಪಕ್ಕ ಇಡಿ. ಇನ್ನೊಂದು ತಪ್ಪು ದೊಡ್ಡವರದು: ಮಗ್ಗಕ್ಕೂ ಚಿತ್ತಾರದ ಹಾಳೆ ಹಾಕುವುದು. ಚಿತ್ತಾರದ ಮೇಲೆ ಚಿತ್ತಾರ ಕೂತರೆ ಯಾವುದು ಮೇಲೆ, ಯಾವುದು ಕೆಳಗೆ ಎಂದು ದೊಡ್ಡವರ ಕಣ್ಣಿಗೇ ತಿಳಿಯುವುದಿಲ್ಲ. ಮಗ್ಗ ಸಾದಾ ಇರಲಿ.

ಸರಣಿ: ತೋರಣ ಮತ್ತು ಚೇಲೆ

ಪಟ್ಟೆ–ಚುಕ್ಕಿ–ಪಟ್ಟೆ–ಚುಕ್ಕಿ ಎಂಬುದು ಮೊದಲ ಸರಣಿ. ಪಟ್ಟೆ–ಪಟ್ಟೆ–ಚುಕ್ಕಿ ಎರಡನೆಯದು. ಪಟ್ಟೆ–ಚುಕ್ಕಿ–ಚೌಕುಳಿ ಮೂರನೆಯದು. ಕಾಗದದ ಮಾವಿನೆಲೆಗಳನ್ನು ದಾರಕ್ಕೆ ಮಡಿಸಿ ಅಂಟಿಸಿ ತೋರಣ ಮಾಡುವಾಗ ಇವು ಸಲೀಸಾಗಿ ಬರುತ್ತವೆ; ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಗಾಳಿಯೂ ಒಣಗಿ ಅಂಟು ಬೇಗ ಹಿಡಿಯುತ್ತದೆ. ನೀವು ಮೊದಲ ಘಟಕವನ್ನು ಮೂರು ಸಲವಾದರೂ ಪೂರ್ತಿ ಇಟ್ಟು ತೋರಿಸಿ. ಒಂದೇ ಸಲ ಪಟ್ಟೆ, ಚುಕ್ಕಿ ಇಟ್ಟು ‘ಮುಂದೇನು?’ ಎಂದರೆ ಮಗು ಏನು ಇಟ್ಟರೂ ಸರಿಯೇ, ಏಕೆಂದರೆ ಅಲ್ಲಿ ಇನ್ನೂ ಸರಣಿಯೇ ಹುಟ್ಟಿಲ್ಲ.

ಐದು ವರ್ಷದವರಿಗೆ ಕಾಗದದ ಬೊಂಬೆ. ಕಪ್ಪು ಕಾಗದದ ಕುಪ್ಯ (ಕೊಡವ ಗಂಡಸರ ನಿಲುವಂಗಿ), ಸೊಂಟಕ್ಕೆ 2 ಸೆಂ.ಮೀ. ಅಗಲದ ಕೆಂಪು ಪಟ್ಟಿಯ ಚೇಲೆ. ಚೇಲೆಯ ಮೇಲೆ ಹೊಂಬಣ್ಣದ ಚಿತ್ತಾರದ ಚೂರುಗಳನ್ನು ಸರಣಿಯಾಗಿ ಅಂಟಿಸುವುದು. ಎಲ್ಲರ ಮನೆಯ ಉಡುಗೆ ಇದೇ ಅಲ್ಲ, ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಮಕ್ಕಳಂತೂ ಹಲವು ಕಡೆಯವರು. ಬೊಂಬೆಗೆ ಅಮ್ಮನ ಸೀರೆಯ ಅಂಚೋ ಅಜ್ಜನ ಲುಂಗಿಯ ಚೌಕುಳಿಯೋ ಆಗಬಹುದು. ಹಿಂದಿನ ದಿನವೇ ‘ಮನೆಯಲ್ಲಿ ಯಾರ ಬಟ್ಟೆಯಲ್ಲಿ ಪಟ್ಟೆ ಇದೆ ನೋಡಿಕೊಂಡು ಬಾ’ ಎಂದು ಹೇಳಿ ಕಳಿಸಿ.

ಮಡಿಸುವ ಬಗ್ಗೆ ಹೆಚ್ಚು ಹೇಳುವುದಿಲ್ಲ. 15 ಸೆಂ.ಮೀ. ಚೌಕ, ಒಂದು ಬದಿ ಚಿತ್ತಾರ, ಒಂದು ಬದಿ ಬಿಳಿ. ‘ಚುಕ್ಕಿ ಒಳಗೆ ಹೋಗಲಿ’ ಎಂದರೆ ಸಾಕು, ಒಳಗು–ಹೊರಗು ತಿಳಿಯುತ್ತದೆ. ಎರಡು–ಮೂರು ಮಡಿಕೆಯ ಮನೆ, ನಾಯಿಮುಖ, ಬೀಸಣಿಗೆ ಈ ವಯಸ್ಸಿಗೆ ಸರಿ. ದೋಣಿ ಎಲ್ಲರಿಗೂ ಆಸೆ, ಆದರೆ ಆರಕ್ಕಿಂತ ಮುಂಚೆ ಅದನ್ನು ಮಡಿಸುವುದು ಟೀಚರೇ. ಜರಿಯ ಹೊಳಪಿನ ಹಾಳೆಯಲ್ಲಿ ಮಡಿಕೆ ನಿಲ್ಲದೆ ಪುಟಿದು ಬಿಚ್ಚುತ್ತದೆ.

ಚಿತ್ತಾರವನ್ನು ಮಕ್ಕಳೇ ಮಾಡಿದರೆ

ಕೊಂಡದ್ದಕ್ಕಿಂತ ಇದು ಮೇಲು, ಆದರೆ ನಾಲ್ಕಾರು ತಿಂಗಳು ಕೊಂಡ ಕಾಗದದಲ್ಲಿ ಪಳಗಿದ ಮೇಲೆ. ಬೆಂಡೆಕಾಯಿಯನ್ನು ತೊಟ್ಟಿನಿಂದ 3 ಸೆಂ.ಮೀ. ಬಿಟ್ಟು ಅಡ್ಡ ಕೊಯ್ದು, ಹತ್ತು ನಿಮಿಷ ಒಣಗಲು ಬಿಟ್ಟು ಒರೆಸಿ. ಲೋಳೆ ಇರುವಾಗಲೇ ಬಣ್ಣಕ್ಕೆ ಅದ್ದಿದರೆ ಹೂವಿನ ಬದಲು ಮಚ್ಚೆ ಬೀಳುತ್ತದೆ. ಪೋಸ್ಟರ್ ಬಣ್ಣವನ್ನು ಮೊಸರಿನ ಹದಕ್ಕೆ ಕಲಸಿ, ತೆಳು ಸ್ಪಂಜಿಗೆ ಸುರಿದು ಅದರ ಮೇಲೆ ಒತ್ತಿಸಿ. ನೇರ ಬಟ್ಟಲಿಗೆ ಅದ್ದಿದರೆ ಮೊದಲ ಅಚ್ಚು ಕೆಸರು.

ಸಿಲ್ವರ್ ಓಕ್ ಎಲೆಯನ್ನು ತೆಳು ಹಾಳೆಯಡಿ ಇಟ್ಟು, ಮೇಣದ ಬಣ್ಣದ ಕಡ್ಡಿಯನ್ನು ಮಲಗಿಸಿ ಉಜ್ಜಿದರೆ ಸೀಳುಸೀಳಾದ ಎಲೆ ಸೊಗಸಾಗಿ ಮೂಡುತ್ತದೆ. ಎಲೆಯ ನರ ಎದ್ದಿರುವ ಹಿಂಬದಿ ಮೇಲೆ ಬರಬೇಕು, ಹಸಿ ಎಲೆಯೇ ಆಗಬೇಕು; ಒಣಗಿದ್ದು ಪುಡಿಯಾಗುತ್ತದೆ. ಅಡಿಯಲ್ಲಿ ಬಿಳಿ ಪುಡಿ ಇರುವ ಜರೀಗಿಡವನ್ನು ಮಕ್ಕಳು ಹೇಗೂ ಕೈಮೇಲೆ ಬಡಿದುಕೊಳ್ಳುತ್ತಾರೆ, ಅದನ್ನೇ ಕಪ್ಪು ಕಾಗದದ ಮೇಲೆ ಒತ್ತಿಸಿ ನೋಡಿ.

ಬಣ್ಣ ಅದ್ದುವುದಕ್ಕೆ ಒಳ್ಳೆಯ ಹೊತ್ತು ಆಗಸ್ಟ್ 3ರ ಸುಮಾರಿಗೆ ಬರುವ ಕಕ್ಕಡ ಹದಿನೆಂಟು, ಅಂದರೆ ಆ ತಿಂಗಳ ಹದಿನೆಂಟನೆಯ ದಿನ. ಕೊಡಗಿನಲ್ಲಿ ಅಂದು ಮಾಡುವ ಪಾಯಸಕ್ಕೆ ಮದ್ದುಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಒಂದು ಲೋಟ ಎತ್ತಿಡಿ. ಇನ್ನೊಂದು ಲೋಟಕ್ಕೆ ಎರಡು ಚಮಚ ಕಾಫಿಪುಡಿಯ ಗಟ್ಟಿ ಡಿಕಾಕ್ಷನ್, ಪೂರ್ತಿ ಆರಿದ್ದು. ಟಿಶ್ಯೂ ನ್ಯಾಪ್ಕಿನ್ನನ್ನು ಮೂರು ಸಲ ಮಡಿಸಿ, ಒಂದು ಮೂಲೆಯನ್ನು ನೇರಳೆಗೆ, ಎದುರು ಮೂಲೆಯನ್ನು ಕಾಫಿಗೆ ಎರಡು ಎಣಿಸುವಷ್ಟು ಹೊತ್ತು ಅದ್ದಿ ತೆಗೆಯಿರಿ. ಕೂಡಲೇ ಬಿಡಿಸಿದರೆ ಹರಿದು ಕೈಗೆ ಬರುತ್ತದೆ. ಹಳೇ ಪೇಪರಿನ ನಡುವೆ ಒತ್ತಿ ನೀರು ಹೀರಿಸಿ, ಅರೆ ಒಣಗಿದ ಮೇಲೆ ಬಿಡಿಸಿ. ಒಂದು ಮೂಲೆಯ ಬಣ್ಣ ಹಲವು ಕಡೆ ಮೂಡಿರುತ್ತದೆ, ಆಗ ಎಣಿಸಲು ಹೇಳಿಕೊಡಬೇಕಿಲ್ಲ.

ಮಾತು, ಹೊತ್ತು, ಮತ್ತು ಮುಗಿದ ಕೆಲಸ

ಮೂರು ವರ್ಷದವರಿಗೆ ಎಂಟು–ಹತ್ತು ನಿಮಿಷ, ಐದು ವರ್ಷದವರಿಗೆ ಇಪ್ಪತ್ತು–ಇಪ್ಪತ್ತೈದು. ಒಂದೇ ಅಂಗನವಾಡಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಯರವ, ಮಲಯಾಳ, ತುಳು ಆಡುವ ಮಕ್ಕಳು ಕೂತಿರುತ್ತಾರೆ. ಪಟ್ಟೆಗೆ ಮನೆಯಲ್ಲಿ ಏನನ್ನುತ್ತೀರಿ ಎಂದು ಒಬ್ಬೊಬ್ಬರನ್ನೂ ಕೇಳಿ, ಎಲ್ಲರೂ ಆ ಮಾತನ್ನು ಒಮ್ಮೆ ಹೇಳಲಿ, ಆಮೇಲೆ ಕನ್ನಡದ್ದು. ‘ಇದೇನು?’ ಎಂಬ ಪ್ರಶ್ನೆಗೆ ಬರುವುದು ಒಂದು ಪದ. ‘ಇದನ್ನು ಇಲ್ಲಿಗೇ ಯಾಕೆ ಇಟ್ಟೆ?’ ಎಂದರೆ ಮಾತು ಬರುತ್ತದೆ, ಸ್ವಲ್ಪ ಕಾಯಬೇಕು ಅಷ್ಟೆ.

ಕೆಲಸ ಮುಗಿದ ಮೇಲೆ ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು, ತಾರೀಖು ಮತ್ತು ಮಗು ಹೇಳಿದ ಒಂದು ಮಾತು ಬರೆಯಿರಿ. ಸ್ಕೆಚ್ ಪೆನ್ ಬೇಡ, ತೇವಕ್ಕೆ ಮುಂದಕ್ಕೆ ಹಾಯುತ್ತದೆ. ಮಳೆಗಾಲದಲ್ಲಿ ಗೋಡೆಗೆ ಅಂಟಿಸಿದ್ದು ಬೂಸ್ಟು ಹಿಡಿಯುತ್ತದೆ, ಮೈದಾ ಅಂಟಿನ ಆಸೆಗೆ ಜಿರಲೆಯೂ ಬರುತ್ತದೆ. ಕೋಣೆಯ ನಡುವೆ ಮಗುವಿನ ಕಣ್ಣೆತ್ತರಕ್ಕಿಂತ ತುಸು ಮೇಲೆ ಹಗ್ಗ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ನೇತುಹಾಕಿ, ವಾರದ ಕೊನೆಗೆ ಮನೆಗೆ ಕಳಿಸಿ. ಉಳಿದ ಚೂರುಗಳಲ್ಲಿ ಹೆಬ್ಬೆರಳಿಗಿಂತ ದೊಡ್ಡದನ್ನೆಲ್ಲ ಪಟ್ಟೆ, ಚುಕ್ಕಿ, ಚೌಕುಳಿ ಎಂದು ಮೂರು ಡಬ್ಬಿಗೆ ಮಕ್ಕಳೇ ಆರಿಸಿ ಹಾಕಲಿ. ಮೇಜು ಒರೆಸುವುದು ಅದಾದ ಮೇಲೆ.